ದಾಲ್ ಮಿಲ್‌ನ ಹರಿದ ಚೀಲದಿಂದ ಡೀಸೆಲ್ ತೆಗೆಯಬಹುದಾ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಸಣ್ಣ ದಾಲ್ ಮಿಲ್. ತೊಗರಿ ತುಂಬಿ ತುಂಬಿ ಹರಿದ ಪ್ಲಾಸ್ಟಿಕ್ ಚೀಲಗಳು ರಾಶಿ ಬಿದ್ದಿವೆ. ತಮ್ಮನ ಹೊಲದಲ್ಲಿ ಹಳೆ ಡ್ರಿಪ್ ಪೈಪು, ಬೋರಿನ ಪಿವಿಸಿ ಪೈಪು ಇವೆ. ಕಬ್ಬಿಣದ ಡ್ರಮ್ಮಿನಲ್ಲಿ ಇಂಥವನ್ನು ಕಾಯಿಸಿ ಡೀಸೆಲ್ ತೆಗೆಯುವ ವಿಡಿಯೊ ನೋಡಿದೆ. ನಾವೂ ಮಾಡಬಹುದಾ? ಕ್ಯಾಟಲಿಸ್ಟ್ ಯಾಕೆ ಬೇಕು?

ಉತ್ತರ: ಎಣ್ಣೆ ಬರುವುದು ನಿಜ. ಆದರೆ ಡ್ರಮ್ಮಿನ ಆಸೆ ಬಿಟ್ಟುಬಿಡಿ.

ನಿಮ್ಮ ಚೀಲ ಪಾಲಿಪ್ರೊಪಿಲೀನ್, ಡ್ರಿಪ್ಪಿನ ಕಪ್ಪು ಪೈಪು ಪಾಲಿಎಥಿಲೀನ್. ಎರಡೂ ಇಂಗಾಲ ಮತ್ತು ಹೈಡ್ರೋಜನ್‌ನ ಉದ್ದುದ್ದ ಸರಪಳಿಗಳು. ಡೀಸೆಲ್ಲೂ ಅದೇ, ಸರಪಳಿ ಮಾತ್ರ ತುಂಬಾ ಗಿಡ್ಡ. ಗಾಳಿಯಾಡದಂತೆ ಮುಚ್ಚಿ 400–500 ಡಿಗ್ರಿಗೆ ಕಾಯಿಸಿದರೆ ಸರಪಳಿ ತುಂಡಾಗಿ ಆವಿಯಾಗುತ್ತದೆ. ಆವಿ ತಣಿದರೆ ಎಣ್ಣೆ. ಇದಕ್ಕೆ ಪೈರೋಲಿಸಿಸ್ ಅಂತಾರೆ.

ಬರೀ ಶಾಖ ಕೊಟ್ಟರೆ ಸರಪಳಿ ಎಲ್ಲೆಂದರಲ್ಲಿ ತುಂಡಾಗಿ, ಮೇಣ ಜಾಸ್ತಿ ಬರುತ್ತದೆ. ತಣ್ಣಗಾಗುತ್ತಲೇ ಪೈಪಿನೊಳಗೇ ಹೆಪ್ಪುಗಟ್ಟುತ್ತದೆ. ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಬೇಕಾಗುವುದು ಇದಕ್ಕೇ. ಹೆಚ್ಚಾಗಿ ಬಳಸುವುದು ಜಿಯೋಲೈಟ್: ಸಿಲಿಕಾ, ಅಲ್ಯುಮಿನಾ ಕೂಡಿದ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಪುಡಿ. ತೂತಿನೊಳಗಿನ ಆಮ್ಲೀಯ ಜಾಗಗಳು ಸರಪಳಿ ಕತ್ತರಿಸುತ್ತವೆ. ತೂತಿನ ಅಳತೆ ನಿಮ್ಮ ಮಿಲ್ಲಿನ ಜರಡಿಯ ಹಾಗೆ, ಯಾವ ಗಾತ್ರದ ತುಂಡು ಆಚೆ ಬರಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಶಾಖವೂ ಕಡಿಮೆ ಸಾಕು. ಹಾಗಂತ ತೀರಾ ಚುರುಕಾದ ಜಿಯೋಲೈಟ್ ಹಾಕಿದರೆ ಎಣ್ಣೆಗಿಂತ ಗ್ಯಾಸೇ ಜಾಸ್ತಿಯಾಗುತ್ತದೆ! ಬರಬರುತ್ತಾ ತೂತುಗಳಲ್ಲಿ ಮಸಿ ಕಟ್ಟುತ್ತದೆ, ಅದನ್ನು ಆಗಾಗ ಸುಟ್ಟು ತೆಗೆಯಬೇಕು. ಚೀಲಕ್ಕೆ ಅಂಟಿದ ಮಣ್ಣೂ ಈ ಪುಡಿಯನ್ನು ಕೆಡಿಸುತ್ತದೆ.

ಪಿವಿಸಿ ಪೈಪಿನ ಒಂದು ತುಂಡೂ ಸೇರಬಾರದು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಕಾದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಅದು ಕಬ್ಬಿಣವನ್ನೂ ತಿನ್ನುತ್ತದೆ, ನಿಮ್ಮ ಎದೆಯನ್ನೂ ಸುಡುತ್ತದೆ. ನೀರಿನ ಬಾಟಲಿಯೂ ಬೇಡ, ಅದು ಬೇರೆಯೇ ಜಾತಿಯ ಪ್ಲಾಸ್ಟಿಕ್.

ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ 2019ರಲ್ಲಿ ದಿನಕ್ಕೆ 1 ಟನ್ ಪ್ಲಾಸ್ಟಿಕ್‌ನಿಂದ ಸುಮಾರು 800 ಲೀಟರ್ ಡೀಸೆಲ್ ತೆಗೆಯುವ ಘಟಕ ಶುರುವಾಯಿತು. ಅಲ್ಲಿ ಎಣ್ಣೆಯನ್ನು ಶುದ್ಧಮಾಡುವ ವ್ಯವಸ್ಥೆಯೂ ಇದೆ. ಡ್ರಮ್ಮಿನಲ್ಲಿ ಅದೆಲ್ಲಿ? ಹಾಗೇ ಬಂದ ಎಣ್ಣೆ ಇಟ್ಟಷ್ಟೂ ಅಂಟಾಗಿ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಳ್ಳುವಂತೆ ಮಾಡುತ್ತದೆ. ತಣಿಯದೆ ಉಳಿದ ಗ್ಯಾಸ್ ಬೆಸುಗೆಯ ಸಂದಿಯಿಂದ ಸೋರಿದರೆ ಕೆಳಗೇ ಒಲೆ ಇದೆ. ವಿಡಿಯೊದಲ್ಲಿ ಇದನ್ನು ತೋರಿಸಲ್ಲ ಅಲ್ವಾ? ಬೇಳೆಯ ದೂಳು ಹಾರುವ ಮಿಲ್ಲಿನಲ್ಲಂತೂ ಇದು ಬೆಂಕಿ ಜೊತೆ ಆಟ.

ಚೀಲ ಜಾಡಿಸಿ, ಬೇರೆ ಕಟ್ಟಿ ಗುಜರಿಗೆ ಹಾಕಿ. ಕರಗಿಸಿ ಗುಳಿಗೆ ಮಾಡುವವರಿಗೆ ಒಂದೇ ಜಾತಿಯ ಮಾಲು ಬೇಕು, ರೇಟೂ ಚೆನ್ನಾಗಿ ಸಿಗುತ್ತದೆ. ಡ್ರಿಪ್ ಪೈಪಿಗೂ ಇದೇ ದಾರಿ. ಪಿವಿಸಿಯನ್ನು ಮಾತ್ರ ಬೇರೆಯಾಗಿ ಕೊಡಿ.