ಸಂಕ್ರಾಂತಿ 14ಕ್ಕೋ 15ಕ್ಕೋ?

ಪ್ರಶ್ನೆ: ಜನವರಿ 14ಕ್ಕೆ ಎಳ್ಳು ಬೀರುವುದು ನಮ್ಮ ಮನೆಯ ರೂಢಿ. 2024ರಲ್ಲಿ ಹಬ್ಬ 15ಕ್ಕೆ ಬಂತು, 2025ರಲ್ಲಿ ಮತ್ತೆ 14ಕ್ಕೆ. ಪಂಚಾಂಗದ ಲೆಕ್ಕ ತಪ್ಪಿದೆಯೇ? ಉತ್ತರಾಯಣ ಅಂದೇ ಶುರುವಾಗುವುದು ನಿಜವೇ?

ಉತ್ತರ: ಲೆಕ್ಕ ಸರಿಯಾಗಿದೆ. ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯ ಮತ್ತೆ ಮಕರಕ್ಕೆ ಬರಲು ಸುಮಾರು 365 ದಿನ 6 ಗಂಟೆ 9 ನಿಮಿಷ ಬೇಕು. ಸಂಕ್ರಮಣ ವರ್ಷವರ್ಷವೂ ಈ 6 ಗಂಟೆ 9 ನಿಮಿಷದಷ್ಟು ತಡವಾಗುತ್ತ ಹೋಗಿ, ಫೆಬ್ರವರಿ 29 ಬಂದಾಗ ಒಂದು ದಿನ ಹಿಂದಕ್ಕೆ ಸರಿಯುತ್ತದೆ. 2024ರಲ್ಲಿ ಅದು 15ರ ನಸುಕಿನ 2.54ಕ್ಕೆ ಆಯಿತು, 2025ರಲ್ಲಿ 14ರ ಬೆಳಿಗ್ಗೆ 9.03ಕ್ಕೆ. ಸೂರ್ಯಾಸ್ತದ ನಂತರ ಸಂಕ್ರಮಣವಾದರೆ ಹಬ್ಬ ಮರುದಿನ.

6 ಗಂಟೆಯನ್ನು ಅಧಿಕ ವರ್ಷ ನುಂಗುತ್ತದೆ, 9 ನಿಮಿಷ ಉಳಿಯುತ್ತದೆ. ಅದು ಕೂಡುತ್ತ 157 ವರ್ಷಕ್ಕೆ ಒಂದು ದಿನವಾಗುತ್ತದೆ. ‘72 ವರ್ಷಕ್ಕೊಂದು ದಿನ’ ಎಂಬ ಮಾತು ದೀರ್ಘಕಾಲದ ಸರಾಸರಿ ಮಾತ್ರ. 1900ರಂಥ ವರ್ಷಗಳಿಗೆ ಫೆಬ್ರವರಿ 29 ಇಲ್ಲದ್ದರಿಂದಾಗುವ ಜಿಗಿತವೂ ಅದರಲ್ಲಿ ಸೇರಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಮಕರ ಸಂಕ್ರಾಂತಿ ಜನವರಿ 12ಕ್ಕಿತ್ತು. 1900ರಲ್ಲಿ ಒಂದು ದಿನ, ಆ 9 ನಿಮಿಷಗಳಿಂದ ಇನ್ನೊಂದು ದಿನ ಸೇರಿ ಈಗ 14ರ ಆಸುಪಾಸಿಗೆ ಬಂದಿದೆ. 2100ರಲ್ಲಿ ಇನ್ನೊಂದು ಜಿಗಿತವಿದೆ.

ಉತ್ತರಾಯಣದ ವಿಷಯ ಬೇರೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುತ್ತ ಸುಮಾರು 25,800 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಇದರಿಂದ ಸಂಪಾತ ಬಿಂದುಗಳು, ಅಂದರೆ ಹಗಲು ರಾತ್ರಿ ಸಮವಾಗುವಾಗ ಸೂರ್ಯ ಇರುವ ಜಾಗಗಳು, ನಕ್ಷತ್ರಗಳ ಹಿನ್ನೆಲೆಯಲ್ಲಿ ವರ್ಷಕ್ಕೆ 50.3 ವಿಕಲೆ (ಒಂದು ವಿಕಲೆ ಅಂಶದ 3600ನೇ ಒಂದು ಭಾಗ) ಹಿಂದೆ ಸರಿಯುತ್ತವೆ. ಹೀಗೆ ನಕ್ಷತ್ರ ರಾಶಿಗಳ ಆರಂಭಕ್ಕೂ ಸಂಪಾತಕ್ಕೂ ನಡುವೆ ಬೆಳೆದ ಅಂತರವೇ ಅಯನಾಂಶ, ಅದು ಈಗ 24 ಅಂಶ ದಾಟಿದೆ. ರಾಷ್ಟ್ರೀಯ ಪಂಚಾಂಗದ ಗಣಿತದಂತೆ ಕ್ರಿ.ಶ. 285ರ ಸುಮಾರಿಗೆ ಅದು ಸೊನ್ನೆ, ಅಂದರೆ ಸಂಕ್ರಮಣವೂ ಉತ್ತರಾಯಣವೂ ಒಂದೇ ದಿನ.

ನಂಬಿಕೆ ಬರದಿದ್ದರೆ ನೆರಳು ಅಳೆಯಿರಿ, ಮಕ್ಕಳನ್ನೂ ಕೂರಿಸಿಕೊಳ್ಳಿ. ಒಂದು ಮೀಟರ್ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ನೆಲವನ್ನು ರಸಮಟ್ಟದಿಂದ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಡಿಸೆಂಬರ್ 22ರ ಮಧ್ಯಾಹ್ನ ಸುಮಾರು 74 ಸೆಂ.ಮೀ. ನೆರಳು ಬೀಳುತ್ತದೆ, ಜನವರಿ 14ಕ್ಕೆ 68. ಹಬ್ಬಕ್ಕೆ ಮೊದಲೇ ಸೂರ್ಯ ತಿರುಗಿಯಾಗಿರುತ್ತದೆ. ಎಡವುವುದು ಸಮಯದಲ್ಲಿ: ಅಲ್ಲಿ ನಿಜವಾದ ನಡುಹಗಲು ಡಿಸೆಂಬರ್‌ನಲ್ಲಿ 12.18ಕ್ಕೆ, ಜನವರಿಯಲ್ಲಿ 12.29ಕ್ಕೆ. ಜನವರಿಯಲ್ಲಿ ಸರಿಯಾಗಿ 12ಕ್ಕೆ ಅಳೆದರೆ ನೆರಳು ಎರಡು ಸೆಂ.ಮೀ. ಉದ್ದ ಕಾಣುತ್ತದೆ. ನೆರಳಿನ ತುದಿಯೂ ಒಂದು ಸೆಂ.ಮೀ. ಮಸುಕಾಗಿರುವುದರಿಂದ, ತಿರುಗಿದ ದಿನ ಯಾವುದೆಂದು ಖಚಿತವಾಗಿ ಹಿಡಿಯಲು ಈ ಕೋಲು ಸಾಲದು.

ಪ್ರಶ್ನೆ: ಎರಡು ಪಂಚಾಂಗಗಳಲ್ಲಿ ಸಂಕ್ರಮಣದ ವೇಳೆ ಬೇರೆ ಬೇರೆ ಏಕೆ?

ಉತ್ತರ: ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತವನ್ನು ಕೆಲವು ಪಂಚಾಂಗಗಳು ಅನುಸರಿಸುತ್ತವೆ. ಅದರ ವರ್ಷ 365 ದಿನ 6 ಗಂಟೆ 12 ನಿಮಿಷ 36 ಸೆಕೆಂಡು, ಅಂದರೆ ನಿಜಕ್ಕಿಂತ ಸುಮಾರು ಮೂರೂವರೆ ನಿಮಿಷ ಉದ್ದ. ದೃಗ್ಗಣಿತದವರು, ಅಂದರೆ ಕಣ್ಣಿಗೆ ಕಾಣುವ ಗ್ರಹಸ್ಥಿತಿಗೆ ಲೆಕ್ಕ ಹೊಂದಿಸುವವರು, ಆಕಾಶಕ್ಕೆ ಹೊಂದುವ ಬೆಲೆ ಬಳಸುತ್ತಾರೆ. ಕೊಂಡ ಪಂಚಾಂಗ ಯಾವ ಗಣಿತದ್ದೆಂದು ಮೊದಲ ಪುಟಗಳಲ್ಲಿ ನೋಡಿಕೊಳ್ಳಿ.