ಇಬ್ಬರಲ್ಲ, ಒಬ್ಬನೇ ಮೆಟೊಕೈಟಿಸ್

ಥಿಯೋಡೋರ್ ಮೆಟೊಕೈಟಿಸ್ ಬೈಜಾಂಟೈನ್ ಸಾಮ್ರಾಜ್ಯದ ಮಂತ್ರಿ, ಬರಹಗಾರ. ಪದವಿ ಎರಡು ಥರ ಇರೋದು ನೋಡಿ ಈ ಹೆಸರಿನವರು ಇಬ್ಬರಿದ್ದರು ಅಂದುಕೊಳ್ಳಬೇಡಿ. ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್) ಕೋರಾ ಚರ್ಚಿನ ಮೊಸಾಯಿಕ್‌ನಲ್ಲಿ 'ಬೊಕ್ಕಸದ ಲೊಗೊಥೀಟ್' (ಲೊಗೊಥೀಟ್ ಅಂದರೆ ಮಂತ್ರಿ), ಪುಸ್ತಕದಲ್ಲಿ 'ಮಹಾ ಲೊಗೊಥೀಟ್' ಎಂದಿರೋದಕ್ಕೆ ಕಾರಣ ಬಡ್ತಿ. ಅವನಿಗೆ ದೊಡ್ಡ ಪದವಿ ಸಿಕ್ಕಿದ್ದು 1321ರಲ್ಲಿ. ಮೊಸಾಯಿಕ್ ಅದಕ್ಕಿಂತ ಮುಂಚಿನದು.

ಇಬ್ಬರು ಎಂದು ಬರೆದ ಟಿಪ್ಪಣಿ ತಿದ್ದುವಾಗ ಮೊದಲು ಆ ಚಿತ್ರದಿಂದ ಶುರು ಮಾಡಿ. ಒಳಬಾಗಿಲ ಮೇಲೆ ಕ್ರಿಸ್ತ ಕೂತಿದ್ದಾನೆ. ಎಡಗಡೆ ಮಂಡಿಯೂರಿದ ಮಂತ್ರಿ ಮೆಟೊಕೈಟಿಸ್, ತಲೆ ಮೇಲೆ ಭಾರೀ ಪೇಟದಂಥ ಟೋಪಿ, ಕೈಯಲ್ಲಿ ಪುಟ್ಟ ಚರ್ಚಿನ ಮಾದರಿ. ಭಕ್ತಿ ಇದೆ, ಜಂಬವೂ ಕಮ್ಮಿ ಇಲ್ಲ ಅಲ್ವಾ! ಬರಹದಲ್ಲಿ ಇಸವಿ ಇಲ್ಲ, ಹಾಗಾಗಿ ನಿಖರ ವರ್ಷ ಹಾಕಬೇಡಿ. '1321ಕ್ಕೆ ಮುಂಚೆ' ಅಂದರೆ ಸಾಕು.

ಆಮೇಲೆ 1328 ಸೇರಿಸಿ. ಮೊಮ್ಮಗ 3ನೇ ಆಂಡ್ರೊನಿಕೋಸ್ ತಾತ, ಚಕ್ರವರ್ತಿ 2ನೇ ಆಂಡ್ರೊನಿಕೋಸ್‌ನನ್ನು ಪಟ್ಟದಿಂದ ಇಳಿಸಿದಾಗ ಮಂತ್ರಿಯ ಆಸ್ತಿಯೂ ಹೋಯಿತು. ಥ್ರೇಸ್ ಪ್ರಾಂತ್ಯದ ಡಿಡಿಮೊಟೈಕೊ ಊರಿಗೆ ಗಡಿಪಾರು. 1330ರಲ್ಲಿ ವಾಪಸ್ ಬಂದು ತಾನೇ ಜೀರ್ಣೋದ್ಧಾರ ಮಾಡಿಸಿದ್ದ ಕೋರಾ ಮಠದಲ್ಲಿ ಉಳಿದ. 1332ರಲ್ಲಿ ತೀರಿಕೊಂಡ. ಎಲ್ಲಾದರೂ 'ಥಿಯೊಲೆಪ್ಟಸ್' ಎಂಬ ಸನ್ಯಾಸಿ ಹೆಸರು ಸಿಕ್ಕರೆ ಅದೂ ಇವನದೇ.

ಬರಹಗಳಲ್ಲಿ ಪದ್ಯಗಳಿಗೆ ಸುಮ್ನೆ ಕೈ ಹಾಕಬೇಡಿ. 20 ಇವೆ, ಗ್ರೀಕ್ ತುಂಬಾ ಕಷ್ಟ, ಮೊದಲನೆಯದರಲ್ಲಿ ಸ್ವಪ್ರಶಂಸೆ ಜಾಸ್ತಿ. 120 ಪ್ರಬಂಧಗಳ 'ಸೆಮೆಯೊಸಿಸ್ ಗ್ನೊಮಿಕೈ' ತೆಗೆದುಕೊಳ್ಳಿ. ಅನುವಾದದಲ್ಲಿ ಬೇಕಾದ ಪ್ರಬಂಧ ಆರಿಸಿ ಓದಬಹುದು. ಅಧಿಕಾರ ಹೋದ ಮೇಲಿನ ಮನಸ್ಸು ತಿಳಿಯಬೇಕಿದ್ದರೆ ಮಾತ್ರ ಕೊನೆಯ ಪದ್ಯಗಳನ್ನು ನೋಡಿ.