ಗುಬ್ಬಿ ಎಚ್‌ಎಎಲ್, ಡ್ರೋನ್ ಮತ್ತು ನಿಮ್ಮ ಸಿಎನ್‌ಸಿ ಶೆಡ್ಡು

ಯುದ್ಧ ಬಂದರೆ ಗುಬ್ಬಿಯ ಎಚ್‌ಎಎಲ್‌ನಲ್ಲೇ ಡ್ರೋನ್ ಮಾಡಬಹುದಲ್ವಾ, ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ನಮ್ಮ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಂತೆ ಲೋಹ ಕತ್ತರಿಸುವ ಮೆಷಿನ್) ಶೆಡ್ಡಿಗೂ ಕೆಲಸ ಬರುತ್ತಾ ಅಂತ ಕೇಳಿದ್ದೀರಿ.

ಗುಬ್ಬಿಯನ್ನು ಬಿಟ್ಟುಬಿಡಿ ಸರ್. 2023ರಲ್ಲಿ ಉದ್ಘಾಟನೆಯಾದ ಆ ಕಾರ್ಖಾನೆ ಇರುವುದು ಹೆಲಿಕಾಪ್ಟರ್‌ಗೆ. ಮೊದಲ ಹಂತದ ಗುರಿಯೇ ವರ್ಷಕ್ಕೆ 30. ಸಣ್ಣ ಡ್ರೋನಿನ ಲೆಕ್ಕವೇ ಬೇರೆ. ಉಕ್ರೇನ್ 2024ರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಮಾಡಿತು, ಅದರಲ್ಲಿ ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳಲ್ಲೇ ಆದವು.

ಫ್ರೇಮು, ಬ್ರಾಕೆಟ್ಟು ನಮ್ಮಲ್ಲಿ ಯಾರು ಬೇಕಾದರೂ ಮಾಡಿಕೊಡುತ್ತಾರೆ. ಕೆಲಸ ಸಿಕ್ಕಿಕೊಳ್ಳುವುದು ಮೋಟರಿನ ಅಯಸ್ಕಾಂತ, ಬ್ಯಾಟರಿ ಸೆಲ್, ಚಿಪ್‌ಗಳಲ್ಲಿ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕೆಲವು ವಿನಾಯಿತಿ ಕೊಟ್ಟು ಡ್ರೋನ್ ಆಮದು ನಿಲ್ಲಿಸಿತು. ಆದರೆ ಬಿಡಿಭಾಗಗಳಿಗೆ ಬಾಗಿಲು ತೆರೆದೇ ಇತ್ತು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಲೋಹಗಳಿಗೂ (ರೇರ್ ಅರ್ಥ್) ಅವುಗಳ ಅಯಸ್ಕಾಂತಗಳಿಗೂ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಯುದ್ಧದ ಹೊತ್ತಿನಲ್ಲಿ ಕುತ್ತಿಗೆಗೆ ಬರುವುದು ಇದೇ.

ನಿಮಗೆ ಒಂದು ಅನುಕೂಲ ಇದೆ. ಯುದ್ಧದಲ್ಲಿ ಡಿಸೈನ್ ಪದೇ ಪದೇ ಬದಲಾಗುತ್ತದೆ. ಡೈ (ಅಚ್ಚು) ಮಾಡಿಸಿದವನು ಕೂತು ಅಳಬೇಕು, ಸಿಎನ್‌ಸಿಯವನು ಪ್ರೋಗ್ರಾಂ ಬದಲಿಸಿದರೆ ಆಯಿತು. ಆದರೆ ಸುಮ್ನೆ ಹೊಸ ಮೆಷಿನ್‌ಗೆ ಸಾಲ ಮಾಡಬೇಡಿ. ಬೆಂಗಳೂರಿನ ಡ್ರೋನ್ ಕಂಪನಿಗಳಿಗೆ ಅಳತೆಯ ರಿಪೋರ್ಟ್ ಸಮೇತ ಸ್ಯಾಂಪಲ್ ಪೀಸ್ ಕೊಟ್ಟು ನೋಡಿ. ವಿಮಾನ ಉದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್ 9100 ಸರ್ಟಿಫಿಕೇಟ್ ಬೇಕಾ ಅಂತಲೂ ಅವರನ್ನೇ ಕೇಳಿ, ಅದರ ಖರ್ಚು ಸಣ್ಣದಲ್ಲ.